ಮಾತು ಕೊಟ್ಟ ದಾಳಿಂಬೆ

ಬೆಸಗರಹಳ್ಳಿಯಲ್ಲಿ ಚಿಕ್ಕನಂಜಮ್ಮನ ಕೈಗುಣದ ಬಗ್ಗೆ ಎರಡು ಮಾತಿರಲಿಲ್ಲ. ಅವಳು ಒಣಕಡ್ಡಿ ಊರಿದರೂ ಚಿಗುರುತ್ತದೆ ಎನ್ನುತ್ತಿದ್ದರು, ಹೊಟ್ಟೆಕಿಚ್ಚಿನವರೂ ಸೇರಿ. ಹಿತ್ತಲೇನೂ ದೊಡ್ಡದಲ್ಲ, ಒಂದು ಗಾಡಿ ತಂದು ನಿಲ್ಲಿಸಿದರೆ ತಿರುಗಿಸಲು ಜಾಗವಿಲ್ಲ. ಅಷ್ಟರಲ್ಲೇ ಎರಡು ಸೀಬೆ, ಒಂದು ಅಂಜೂರ, ಮೂಲೆಗೊಂದು ಪರಂಗಿ, ಬೇಲಿಯುದ್ದಕ್ಕೂ ಕವಳೆಹಣ್ಣಿನ ಮುಳ್ಳುಪೊದೆ, ಬಚ್ಚಲ ನೀರು ಹರಿಯುವಲ್ಲಿ ಬಾಳೆ, ಬಾಳೆಯ ನೆರಳಲ್ಲಿ ಯಾರೂ ಬಿತ್ತದೆ ಎದ್ದ ಬುಡ್ಡೆಹಣ್ಣು. ಒಲೆಯ ಬೂದಿ, ಆಡಿನ ಹಿಕ್ಕೆ, ಬೇಸಿಗೆಯಲ್ಲಿ ಕೆರೆಯಿಂದ ಹೊತ್ತು ತಂದ ಗೋಡುಮಣ್ಣು, ಒಂದನ್ನೂ ಅವಳು ಹಾಳು ಮಾಡುತ್ತಿರಲಿಲ್ಲ. ಹಣ್ಣು ಮಾಗುವ ಕಾಲಕ್ಕೆ ಮದ್ದೂರಿನಿಂದ ಸುಲ್ತಾನ್ ಬೀ ಮಂಕರಿ ಹೊತ್ತು ಬರುತ್ತಿದ್ದಳು. ಮದ್ದೂರು ಸ್ಟೇಷನ್ನಿನಲ್ಲಿ ರೈಲು ನಿಂತಷ್ಟು ಹೊತ್ತು ಕಿಟಕಿಯಿಂದ ಕಿಟಕಿಗೆ ಓಡಿ ಹಣ್ಣು ಮಾರುವುದು ಅವಳ ಕಸುಬು. ಯುದ್ಧದ ಕಾಲ. ರೈಲಿನ ತುಂಬ ಸಿಪಾಯಿಗಳು, ನಂಜಮ್ಮನ ಸೀಬೆಗೆ ಗಿರಾಕಿಗೇನೂ ಕಡಿಮೆಯಿರಲಿಲ್ಲ.

ಇಂಥ ಹಿತ್ತಲಲ್ಲಿ ಹಣ್ಣು ಬಿಡದ ಗಿಡ ಒಂದೇ ಒಂದು. ಹಿಂಗೋಡೆಯ ಪಕ್ಕದ ದಾಳಿಂಬೆ. ವರ್ಷ ವರ್ಷವೂ ಹೂವಿಗೇನೂ ಬರವಿಲ್ಲ, ಗಿಡವೆಲ್ಲ ಕೆಂಪಗೆ ಆಗುತ್ತಿತ್ತು. ಆಮೇಲೆ ಹೂವೆಲ್ಲ ನೆಲಕ್ಕೆ.

ಆ ಗಿಡದ ಕೆಳಗೆ ನಂಜಮ್ಮನ ಕೂಸು ಇತ್ತು.

ಹೆಣ್ಣು ಕೂಸು. ಇನ್ನೂ ಹೆಸರಿಟ್ಟಿರಲಿಲ್ಲ, ಸುಗ್ಗಿ ಮುಗಿಯಲಿ ಎಂದು ಶಾಸ್ತ್ರವನ್ನು ಮುಂದಕ್ಕೆ ಹಾಕಿದ್ದರು. ಸುಗ್ಗಿ ಮುಗಿಯುವ ಮೊದಲು ಕೈಕಾಲು ಸೆಟೆಯುವ ಸೆಳವು ಬಂತು. ಬಜೆ ತೇದು ನಾಲಗೆಗೆ ಸವರಿದರು, ಹರಳೆಣ್ಣೆ ತಿಕ್ಕಿದರು, ನಡುಮಧ್ಯಾಹ್ನದ ಹೊತ್ತಿಗೆ ಕೂಸು ಅವಳ ತೊಡೆಯ ಮೇಲೇ ತಣ್ಣಗಾಯಿತು. ಹಲ್ಲು ಬಾರದ ಕೂಸನ್ನು ದೊಡ್ಡವರ ಜೊತೆ ಹೊಲದಲ್ಲಿ ಹೂಳುವುದಿಲ್ಲ, ಮನೆಯ ಹಿತ್ತಲಲ್ಲೇ ಹೂತು ಮೇಲೊಂದು ಹಣ್ಣಿನ ಗಿಡ ನೆಡುವುದು ಆ ಮನೆತನದ ವಾಡಿಕೆ. ಅತ್ತೆ ಚಿಕ್ಕಬೋರಮ್ಮ ತಾನೇ ಗುದ್ದಲಿ ಹಿಡಿದಳು, ತಾನೇ ದಾಳಿಂಬೆಯ ಕಡ್ಡಿ ಊರಿದಳು. ಊರಿ, ಕಲ್ಲಿನ ಹಾಗೆ ಕೂತಿದ್ದ ಸೊಸೆಯ ಪಕ್ಕದಲ್ಲಿ ಕುಕ್ಕರಿಸಿದಳು.

"ನೋಡಮ್ಮಿ, ಕೂಸು ಎಲ್ಲೂ ಓಗಿಲ್ಲ. ಈ ಗಿಡ ಮೊದಲ್ನೇ ಅಣ್ಣು ಕೊಡೋಗಂಟ ಇಲ್ಲೇ ಇರ್ತದೆ. ಆ ಅಣ್ಣ ಎತ್ತವ್ವ ತಿಂದ್ಲು ಅಂದ್ರೆ ಋಣ ತೀರ್ತು. ಆಮ್ಯಾಕೆ ತಿರುಗಿ ನಿನ್ನೊಟ್ಟೆಗೇ ಬತ್ತದೋ, ಇನ್ನೆಲ್ಲಿಗೆ ಓಯ್ತದೋ, ಅದು ಅದರಿಷ್ಟ."

ಸಮಾಧಾನಕ್ಕೆಂದು ಹೇಳಿದ ಮಾತು. ಆದರೆ ಹೇಳುವವರು ಹೇಳಿದ್ದೆಲ್ಲ ಕೇಳುವವರ ಕಿವಿಗೆ ಬೀಳಬೇಕಲ್ಲ? 'ಇಲ್ಲೇ ಇರ್ತದೆ' ಎಂಬುದೊಂದು ನಂಜಮ್ಮನ ಕಿವಿಯಲ್ಲಿ ಉಳಿಯಿತು. 'ಇನ್ನೆಲ್ಲಿಗೆ ಓಯ್ತದೋ' ಎಂಬುದು ಎದೆಯಲ್ಲಿ ಉಳಿಯಿತು.

ಕಡ್ಡಿ ಚಿಗುರಿತು. ಅವಳ ಮೊಣಕಾಲಿಗೆ ಬಂತು, ಸೊಂಟಕ್ಕೆ ಬಂತು. ಗಂಡ ಮರಿಸಿದ್ದಯ್ಯ ಗದ್ದೆಗೆ ಹೋಗಿ, ಅತ್ತೆ ಜಗುಲಿಯಲ್ಲಿ ತೂಕಡಿಸುವ ಮಧ್ಯಾಹ್ನದ ಹೊತ್ತಿನಲ್ಲಿ ನಂಜಮ್ಮ ದಾಳಿಂಬೆಯ ಬುಡದಲ್ಲಿ ಕೂರುತ್ತಿದ್ದಳು. ಬಿಸಿಲು ನೆತ್ತಿಗೆ ಬಂದು ಬೇರೆ ಗಿಡಗಳೆಲ್ಲ ಎಲೆ ಜೋಲು ಹಾಕಿದಾಗ ಆ ಗಿಡದಿಂದ ಬಜೆಯ ವಾಸನೆ ಬರುತ್ತಿತ್ತು. ದಾಳಿಂಬೆಗೆ ಬಜೆಯ ವಾಸನೆ ಎಲ್ಲಿಂದ ಬರಬೇಕು? ಬುಡದ ಮಣ್ಣಿಗೆ ಅಂಗೈ ಇಟ್ಟರೆ, ಈಗ ತಾನೇ ಕೂಸನ್ನು ಎತ್ತಿಕೊಂಡ ಹಾಸಿಗೆಯ ಹಾಗೆ ಬೆಚ್ಚಗಿರುತ್ತಿತ್ತು, ಬಿಸಿಲು ಬೀಳದ ಕಡೆಯಲ್ಲೂ. ಬತ್ತಿ ವರ್ಷಗಳಾಗಿದ್ದ ಎದೆ ಜುಂ ಎನ್ನುತ್ತಿತ್ತು. ಎದ್ದು ಹೊರಟರೆ ಮುಳ್ಳಿಗೆ ಸೆರಗು ಸಿಕ್ಕುತ್ತಿತ್ತು. ದಾಳಿಂಬೆಗೆ ಮುಳ್ಳಿರುವುದು ಯಾರಿಗೆ ಗೊತ್ತಿಲ್ಲ? ಅವಳಿಗೂ ಗೊತ್ತಿತ್ತು. ಆದರೂ ಬಿಡಿಸಿಕೊಳ್ಳುವುದಕ್ಕೆ ಅವಸರ ಮಾಡುತ್ತಿರಲಿಲ್ಲ. "ಬತ್ತೀನಿ ಕಣೆ, ಬುಡು, ದನುಕ್ಕೆ ಉಲ್ಲಾಕ್ಬುಟ್ಟು ಬತ್ತೀನಿ" ಎಂದು ಮೆಲ್ಲಗೆ ಗದರಿ, ಒಂದೊಂದೇ ಎಳೆ ಬಿಡಿಸಿಕೊಳ್ಳುತ್ತಿದ್ದಳು. ಅವಳಿಗೆ ಹೆದರಿಕೆಯಾಗುತ್ತಿರಲಿಲ್ಲ. ಹೆದರಬೇಕಾದದ್ದು ಅದೇ ಇತ್ತೇನೋ.

ಮೊದಲ ಸಲ ಹೂವು ಬಿಟ್ಟಾಗ ಮಾತ್ರ ಹೆದರಿದಳು.

ದಾಳಿಂಬೆಯ ಹೂವಿನಲ್ಲಿ ಎರಡು ಬಗೆ. ಬುಡ ತೆಳ್ಳಗಿರುವುದು ಗಂಡು, ಅದು ತಾನಾಗಿ ಉದುರುತ್ತದೆ. ಬುಡ ಗುಂಡಗೆ, ಪುಟ್ಟ ಗಡಿಗೆಯ ಹಾಗಿರುವುದೇ ಕಾಯಿ ಕಟ್ಟುವ ಹೂವು. ಇದು ನಂಜಮ್ಮನಂಥವಳಿಗೆ ದೂರದಿಂದಲೇ ಕಾಣುತ್ತದೆ. ಗಂಡು ಹೂವನ್ನು ಅವಳು ಮುಟ್ಟಲಿಲ್ಲ. ಗುಂಡುಬುಡದ ಹೂವನ್ನು ಮಾತ್ರ ಹುಡುಕಿ ಹುಡುಕಿ ಉಗುರಿನಿಂದ ಚಿವುಟಿ ಹಾಕಿದಳು. ನೆಲದ ಮೇಲೆ ಎರಡೂ ಸೇರಿಕೊಂಡರೆ ಉದುರಿದ್ದು ಯಾವುದು, ಚಿವುಟಿದ್ದು ಯಾವುದು ಎಂದು ಯಾರು ನೋಡುತ್ತಾರೆ? ಊರಿಗೆಲ್ಲ ಹಣ್ಣು ಬೆಳೆಸಿಕೊಟ್ಟ ಕೈ, ತನ್ನ ಕೂಸಿನ ಗಿಡಕ್ಕೆ ಕಾಯಿ ಕಟ್ಟಗೊಡಲಿಲ್ಲ. ಕೂಸು ಇಲ್ಲೇ ಇರಬೇಕು. ಅಷ್ಟೇ ಅವಳಿಗೆ ಬೇಕಾಗಿದ್ದದ್ದು.

ಆದರೆ ಲೋಕಕ್ಕೆ ಅಷ್ಟು ಸಾಲುವುದಿಲ್ಲ. ನಂಜಮ್ಮನಿಗೆ ಮತ್ತೆ ಬಸಿರು ನಿಲ್ಲಲಿಲ್ಲ. ಊರ ಬಾಯಿಗೆ ಮುಚ್ಚಳ ಹಾಕುವವರು ಯಾರು? "ಇತ್ಲಲ್ಲಿ ಅದ್ಕೂ ಇಲ್ಲ, ಮನೇಲಿ ಇವ್ಳಿಗೂ ಇಲ್ಲ" ಎಂದು ನೀರು ಸೇದುವಲ್ಲಿ ಆಡಿಕೊಂಡರು. ಆ ಮಾತು ಚಿಕ್ಕಬೋರಮ್ಮನನ್ನು ಮುಟ್ಟಿತು. ಅವಳು ಕೆಟ್ಟ ಹೆಂಗಸಲ್ಲ, ಆದರೆ ಸುಮ್ಮನೆ ಕೂರುವ ಹೆಂಗಸೂ ಅಲ್ಲ. ಮಳವಳ್ಳಿಯಲ್ಲಿ ಅವಳ ತಮ್ಮನಿಗೆ ಲಗ್ನಕ್ಕೆ ಬಂದ ಮಗಳಿದ್ದಳು. ಆ ಹುಡುಗಿಯ ಮಾತು ಮೊದಲು ಹಬ್ಬದಲ್ಲಿ ಬಂತು, ಆಮೇಲೆ ದಿನವೂ ಬರತೊಡಗಿತು.

"ನಿನ್ ಮ್ಯಾಲೆ ನಂಗೇನೂ ಕ್ವಾಪ ಇಲ್ಲ ಕಣಮ್ಮಿ," ಎಂದಳು ಅತ್ತೆ ಒಂದು ದಿನ ರಾಗಿ ಬೀಸುತ್ತಾ. "ಗಿಡ ಅಣ್ಣು ಕೊಟ್ರೆ ಕೂಸಿಗೆ ದಾರಿ ಆಯ್ತದೆ, ದಾರಿ ಆದ್ರೆ ನಿಂಗೂ ಆಯ್ತದೆ. ಸಂಕ್ರಾಂತಿ ಕಳೀಲಿ, ಗಿಡುಕ್ಕೆ ಕೊಡ್ಲಿ ತೋರ್ಸವ. ಅದುಕ್ಕೂ ಬಗ್ನಿಲ್ಲ ಅಂದ್ರೆ ಮಳವಳ್ಳಿಗೆ ಓಗಿ ತಾಂಬೂಲ ಕೊಟ್ಟು ಬತ್ತೀನಿ."

ಕೊಡಲಿ ತೋರಿಸುವುದು ಆ ಕಡೆಯ ಹಳೆಯ ಪದ್ಧತಿ. ಹೂವು ಬಿಟ್ಟೂ ಕಾಯಿ ಕಟ್ಟದ ಗಿಡಕ್ಕೆ ಹೂವು ಬರುವ ಮೊದಲು ನಡುಹಗಲಲ್ಲಿ ಮಾಡುತ್ತಾರೆ. ಮನೆಯ ಯಜಮಾನ ಕೊಡಲಿ ಎತ್ತಿ, ಹಣ್ಣು ಕೊಡ್ತೀಯೋ, ಕಡಿದು ಹಾಕಲೋ ಎಂದು ಗಿಡವನ್ನು ಕೇಳುತ್ತಾನೆ. ಆ ಗಿಡಕ್ಕೆ ನೀರು ಹಾಕಿದವರು ಯಾರೋ ಅವರು ಗಿಡದ ಮರೆಯಲ್ಲಿ ಕೂತು ಗಿಡದ ಪರವಾಗಿ ಉತ್ತರ ಹೇಳುತ್ತಾರೆ. ಮೊದಲ ಎರಡು ಸಲ ಸುಮ್ಮನಿರಬೇಕು, ಗಿಡಕ್ಕೂ ಮಾನ ಇರುತ್ತದಲ್ಲ! ಮೂರನೆಯ ಸಲಕ್ಕೆ 'ಕಡೀಬ್ಯಾಡಿ ಯಜಮಾನ್ರೇ, ಈ ಕಾಲಕ್ಕೆ ಕೊಡ್ತೀನಿ' ಎನ್ನಬೇಕು. ಮೂರನೆಯದಕ್ಕೂ ಉತ್ತರ ಬಾರದಿದ್ದರೆ ನಿಜವಾಗಿಯೂ ಕಡಿಯಬೇಕು. ಹುಡುಗಾಟಕ್ಕೆ ಎತ್ತಿದ ಕೊಡಲಿ ಮನೆಗೆ ಆಗಿಬರುವುದಿಲ್ಲ. ಮಾತು ಕೊಟ್ಟೂ ತಪ್ಪಿದರೆ ಮುಂದಿನ ವರ್ಷ ಇನ್ನೊಂದು ಸಲ ಕೇಳುವುದು, ಅದೇ ಕೊನೆ.

ಸಂಕ್ರಾಂತಿ ಕಳೆದ ಮಂಗಳವಾರ ಚಿಕ್ಕಬೋರಮ್ಮ ಗಿಡಕ್ಕೆ ಅರಿಸಿನ ಕುಂಕುಮವಿಟ್ಟು ಪಕ್ಕಕ್ಕೆ ನಿಂತಳು. ಮರಿಸಿದ್ದಯ್ಯ ಕೊಡಲಿ ಹಿಡಿದು ಬಂದ. ಮಾತು ಕಡಿಮೆಯ ಮನುಷ್ಯ. ಕೂಸು ಹೋದ ಮೇಲೆ ಇದ್ದ ಮಾತೂ ಹೋಗಿತ್ತು. ನಂಜಮ್ಮ ಗೋಡೆಗೂ ಗಿಡಕ್ಕೂ ನಡುವೆ ಕುಕ್ಕರುಗಾಲಲ್ಲಿ ಕೂತಳು. ಅವಳಿಗೆ ಬೇಕಿದ್ದದ್ದು ಸುಲಭದ ಕೆಲಸ, ಒಂದು ಸುಳ್ಳು ಹೇಳಿದರೆ ಆಗಿತ್ತು.

"ಯೋಳು, ಅಣ್ಣು ಕೊಟ್ಟೀಯಾ? ಕಡ್ದಾಕ್ಲಾ?" ಎಂದು ಕೇಳಿ ಮರಿಸಿದ್ದಯ್ಯ ಕೊಡಲಿಯ ಹಿಂಬದಿಯಿಂದ ಕಾಂಡಕ್ಕೆ ತಟ್ಟಿದ. ಎರಡನೆಯ ಸಲ ಕೇಳಿ ಇನ್ನೊಂದು ತಟ್ಟಿದ. ಮೂರನೆಯ ಸಲಕ್ಕೆ ಕೊಡಲಿ ತಿರುಗಿಸಿ, ಅಲಗನ್ನು ಮುಂದಕ್ಕೆ ಮಾಡಿಕೊಂಡು ಎತ್ತಿದ.

ನಂಜಮ್ಮ ಬಾಯಿ ತೆರೆದಳು. ದನಿ ಹೊರಡಲಿಲ್ಲ. ಗಿಡದ ಪರವಾಗಿ ಕೊಟ್ಟ ಮಾತು ಸುಳ್ಳಾದರೂ ಮಾತೇ. ಕೊಡ್ತೀನಿ ಎಂದರೆ ಕೂಸನ್ನು ಕಳಿಸುತ್ತೇನೆ ಎಂದ ಹಾಗೆ. ಅನ್ನದಿದ್ದರೆ ಕೊಡಲಿ ಬೀಳುತ್ತದೆ. ಬಾಯಿ ತೆರೆದವಳು ತೆರೆದ ಹಾಗೇ ಇದ್ದಳು.

ಆಗ ಅವಳ ಮೊಣಕೈಯ ಪಕ್ಕದಲ್ಲಿ, ಎಲೆಗಳ ಒಳಗಿನಿಂದ, ಒಂದು ದನಿ ಬಂತು.

"ಕಡೀಬ್ಯಾಡ ಕಣಪ್ಪ. ಕೊಡ್ತೀನಿ."

ಚಿಕ್ಕ ದನಿ. ತೊದಲಿಲ್ಲ, ಆದರೆ ಮಾತು ಕಲಿತು ಬಹಳ ವರ್ಷವಾಗಿಲ್ಲ ಎಂದು ಗೊತ್ತಾಗುವಂಥದ್ದು. ಕೂಸು ಬದುಕಿದ್ದರೆ ಈಗ ಎಷ್ಟು ವಯಸ್ಸಾಗಿರುತ್ತಿತ್ತೋ ಅಷ್ಟೇ ವಯಸ್ಸಿನ ದನಿ.

ಕೊಡಲಿ ಮರಿಸಿದ್ದಯ್ಯನ ಕೈಯಿಂದ ಜಾರಿ ನೆಲಕ್ಕೆ ಬಿತ್ತು. ಚಿಕ್ಕಬೋರಮ್ಮನಿಗೆ ನಗು ಬಂತು. "ಏನೇ ನಂಜಿ, ಯಜಮಾನ್ರೇ ಅನ್ನದ ಬುಟ್ಟು ಅಪ್ಪ ಅಂದ್ಬುಟ್ಟೆಯಲ್ಲೇ! ದನೀನೂ ಮೊಗೀನಂಗೇ ಮಾಡ್ದೆ. ಓಗ್ಲಿ ಬುಡು, ಮಾತು ಬಂತಲ್ಲ, ಅಷ್ಟು ಸಾಕು" ಎಂದು ಕುಂಕುಮದ ತಟ್ಟೆ ಎತ್ತಿಕೊಂಡು ಒಳಗೆ ಹೋದಳು. ಮರಿಸಿದ್ದಯ್ಯ ಕೊಡಲಿಯನ್ನೂ ಎತ್ತಿಕೊಳ್ಳದೆ ಗದ್ದೆಯ ಕಡೆ ನಡೆದ. ಸಾಯಂಕಾಲ ಬಂದವನು ಮುದ್ದೆಯನ್ನು ಮುಟ್ಟಲಿಲ್ಲ. ಬಿಸಿಲು ಬಡಿದಿದೆ ಎಂದ.

ನಂಜಮ್ಮ ಇದೊಂದನ್ನೂ ಗಮನಿಸುವ ಸ್ಥಿತಿಯಲ್ಲಿರಲಿಲ್ಲ. ಅವಳಿಗೆ ನೆಲ ಕಾಣುತ್ತಿರಲಿಲ್ಲ. ಮೂರು ಹೊತ್ತೂ ಆ ಎರಡು ಮಾತು ಕಿವಿಯಲ್ಲಿ. ಅಳುವುದಷ್ಟೇ ಗೊತ್ತಿದ್ದ ಕೂಸು ಮಾತು ಕಲಿತಿತ್ತು! ಯಾರು ಕಲಿಸಿದರು? ತಾನು ಮಧ್ಯಾಹ್ನಗಳಲ್ಲಿ ಕೂತು ಆಡಿದ ಮಾತನ್ನೇ ಕೇಳಿ ಕಲಿತಿರಬೇಕು. ಇನ್ನೇನೇನು ಕಲಿತಿದೆಯೋ? ಅವ್ವ ಎನ್ನಲು ಬರುತ್ತದೆಯೋ?

ಅವತ್ತಿನಿಂದ ಅವಳು ಗಿಡದ ಬುಡದಲ್ಲಿ ಇನ್ನಷ್ಟು ಹೊತ್ತು ಕೂತಳು. ಮಾತಾಡಿಸಿದಳು, ಬೇಡಿದಳು, ಹಠ ಮಾಡಬೇಡ ಎಂದು ಗದರಿದಳು, ಅಂಜೂರದ ಹಣ್ಣು ಬಿಡಿಸಿ ಬುಡಕ್ಕಿಟ್ಟಳು. ಗಿಡ ತುಟಿ ಬಿಚ್ಚಲಿಲ್ಲ. ಬಜೆಯ ವಾಸನೆ ಬರುತ್ತಿತ್ತು, ಮಣ್ಣು ಬೆಚ್ಚಗಿರುತ್ತಿತ್ತು, ಮಾತು ಮಾತ್ರ ಇಲ್ಲ. ಬೆಳ್ಳೂರಿನ ಕಡೆಗೆ ಹಾರುವ ಕೊಕ್ಕರೆಗಳ ರೆಕ್ಕೆಯ ಸದ್ದನ್ನೂ ಕೂಸಿನ ಉಸಿರೆಂದುಕೊಂಡು ಕತ್ತೆತ್ತಿ ಕತ್ತೆತ್ತಿ ನೋಡಿದಳು. ಕೊನೆಗೆ ಅವಳಿಗೆ ಒಂದು ವಿಷಯ ಹೊಳೆಯಿತು. ಹೊಳೆಯಬಾರದಿತ್ತು. ಕೂಸು ಮಾತಾಡಿದ್ದು ಕೊಡಲಿ ಕಂಡು. ಕೊಡಲಿ ಎತ್ತಿದರೆ ಮತ್ತೆ ಮಾತಾಡುತ್ತದೆ. ಕೊಡಲಿ ಎತ್ತಬೇಕಾದರೆ ಈ ವರ್ಷವೂ ಹಣ್ಣು ಬಿಡಬಾರದು.

ಶಿವರಾತ್ರಿ ಕಳೆದು ಹೂವು ಬಂತು. ಹಿಂದೆಂದೂ ಕಾಣದಷ್ಟು ಹೂವು, ಅದರಲ್ಲೂ ಗುಂಡುಬುಡದವೇ ಹೆಚ್ಚು. ಗಿಡ ಮಾತು ಉಳಿಸಿಕೊಳ್ಳಲು ಹೊರಟಿತ್ತು. ನಂಜಮ್ಮ ಬೆಳಿಗ್ಗೆ ಒಂದು ಸಲ, ಮಧ್ಯಾಹ್ನ ಒಂದು ಸಲ ಕೊಂಬೆ ಕೊಂಬೆ ಬಗ್ಗಿಸಿ ಚಿವುಟಿದಳು. ಉಗುರಿನ ಸಂದಿಯೆಲ್ಲ ಕೆಂಪಾಯಿತು. ಮುಳ್ಳು ಗೀರಿ ಮುಂಗೈಯೆಲ್ಲ ಗಾಯ. ಮುಂಚೆ ಸೆರಗು ಹಿಡಿಯುತ್ತಿದ್ದ ಮುಳ್ಳು ಈಗ ಕೈಗೇ ಚುಚ್ಚುತ್ತಿತ್ತು. ಅವಳಿಗೆ ಅದೂ ಕೂಸಿನ ಆಟವಾಗಿ ಕಂಡಿತು.

ಸೀಬೆಗೆಂದು ಬಂದ ಸುಲ್ತಾನ್ ಬೀ ಒಂದು ದಿನ ದಾಳಿಂಬೆಯ ಕೆಳಗೆ ಬಗ್ಗಿ ಒಂದು ಹಿಡಿ ಹೂವು ಆಯ್ದು ನೋಡಿದಳು.

"ಏನಮ್ಮಾ ನಂಜಮ್ಮ, ಕಾಯಿ ಕಟ್ಟೋ ಹೂವೆಲ್ಲ ಕೆಳಗೆ ಬಿದ್ದೈತೆ?"

"ಅಳಿಲು ಕಾಟ ಬೂಬಮ್ಮ," ಎಂದಳು ನಂಜಮ್ಮ, ಕೈಯನ್ನು ಸೆರಗಿನೊಳಗೆ ಎಳೆದುಕೊಂಡು. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಳ್ಳುವುದು ಇದಕ್ಕೇ.

ಸುಲ್ತಾನ್ ಬೀ ಹೂವಿನ ತೊಟ್ಟನ್ನು ನೋಡಿದಳು, ಸೆರಗನ್ನು ನೋಡಿದಳು. ಅವಳೂ ಹೆತ್ತವಳು, ಹೂತವಳು. "ಅಳಿಲಾದ್ರೆ ಹೊಟ್ಟೆಗೆ ತಿಂತದೆ. ತಿನ್ನದೆ ಕಿತ್ತು ಹಾಕೋದು ಪಾಪ," ಎಂದು ಮಂಕರಿ ತಲೆಗೇರಿಸಿಕೊಂಡು ಹೋದಳು. ಊರಲ್ಲಿ ಯಾರಿಗೂ ಹೇಳಲಿಲ್ಲ.

ಆ ವರ್ಷವೂ ದಾಳಿಂಬೆ ಬರಿದಾಗಿ ನಿಂತಿತು. ಚಿಕ್ಕಬೋರಮ್ಮನ ಮುಖ ಸಪ್ಪಗಾಯಿತು. "ಮಾತು ಕೊಟ್ಟು ತಪ್ಪುದ್ ಗಿಡ" ಎಂದಳು. ಸಂಕ್ರಾಂತಿಯಾಗಲಿ ಎಂದಳು. ಪೆಟ್ಟಿಗೆಯಿಂದ ಮಳವಳ್ಳಿಗೆ ಉಟ್ಟುಕೊಂಡು ಹೋಗುವ ಸೀರೆ ತೆಗೆದು ಬಿಸಿಲಿಗೆ ಹಾಕಿದಳು. ಸೊಸೆ ಆ ಸೀರೆ ಕಂಡೂ ಕಾಣದ ಹಾಗೆ ಓಡಾಡಿದಳು. ಸವತಿ ಬರುವುದಿದ್ದರೆ ಬರಲಿ, ಅವಳಿಗೆ ಮಂಗಳವಾರ ಬಂದರೆ ಸಾಕಾಗಿತ್ತು.

ಮಂಗಳವಾರ ಬಂತು. ನಂಜಮ್ಮ ತಲೆಗೆ ನೀರು ಹಾಕಿಕೊಂಡು, ಹಬ್ಬಕ್ಕೆ ಹೊರಟವಳ ಹಾಗೆ ಹೂ ಮುಡಿದು ಗಿಡದ ಮರೆಗೆ ಹೋದಳು. ಈ ಸಲ ಬಾಯಿ ತೆರೆಯುವುದೇ ಇಲ್ಲ ಎಂದು ನಿರ್ಧಾರ ಮಾಡಿದ್ದಳು. ಕಿವಿ ತೆರೆದರೆ ಸಾಕು. ಎಲೆಗಳಿಗೆ ಕಿವಿಗೊಟ್ಟು ಕೂತಳು.

ಮರಿಸಿದ್ದಯ್ಯ ಬಂದ. ಕೇಳಿದ, ತಟ್ಟಿದ. ಕೇಳಿದ, ತಟ್ಟಿದ. ಮೂರನೆಯ ಸಲ ಕೊಡಲಿಯ ಅಲಗು ಮುಂದಕ್ಕೆ ತಿರುಗಿಸಿ ಎತ್ತಿದ.

ಯಾವ ದನಿಯೂ ಬರಲಿಲ್ಲ.

ನಂಜಮ್ಮ ಕಾದಳು. ಎಲೆಯೊಂದೂ ಅಲುಗಲಿಲ್ಲ. ಬಜೆಯ ವಾಸನೆ ಇರಲಿಲ್ಲ. ಬುಡದ ಮಣ್ಣಿಗೆ ಕೈಯಿಟ್ಟಳು, ಮಣ್ಣು ಬರೀ ಮಣ್ಣಿನ ಹಾಗಿತ್ತು. ಹೋದ ವರ್ಷ ಬಾಯಿ ಬಿಟ್ಟು ಆಡಿದ ಮಾತನ್ನು ತಾನೇ ಉಗುರಲ್ಲಿ ಚಿವುಟಿ ಹಾಕಿದ್ದಳು, ಇನ್ನು ಯಾವ ಬಾಯಿಂದ ಮಾತಾಡೀತು?

"ಕಡಿ ಮಗ," ಎಂದಳು ಚಿಕ್ಕಬೋರಮ್ಮ. "ಮೂರಾಯ್ತು. ಎತ್ತಿದ್ ಕೊಡ್ಲಿ ಇಳಿಸ್ಬಾರ್ದು."

ಮರಿಸಿದ್ದಯ್ಯ ಕಡಿಯಲಿಲ್ಲ. ಅವನು ಶಾಸ್ತ್ರದಲ್ಲಿಲ್ಲದ ನಾಲ್ಕನೆಯ ಸಲ ಕೇಳಿದ, ಆ ಕೇಳುವ ರೀತಿಯೂ ಶಾಸ್ತ್ರದ್ದಲ್ಲ.

"ಇನ್ನೊಂದ್ ಸಲ ಮಾತಾಡು ಮಗ. ನಾ ಕಡಿಯಾಕಿಲ್ಲ. ಸುಮ್ಕೆ ಅಂತೀನಿ ಅಷ್ಟೇಯ. ಅಪ್ಪ ಅನ್ನು, ಒಂದೇ ಒಂದ್ ಸಲ."

ನಂಜಮ್ಮ ಮರೆಯಿಂದ ಎದ್ದು ನಿಂತಳು. ಗಂಡ ಹೆಂಡತಿ ಗಿಡದ ಮೇಲಿಂದ ಒಬ್ಬರ ಮುಖ ಒಬ್ಬರು ನೋಡಿದರು. ನೆತ್ತಿಯ ಮೇಲೆ ಸೂರ್ಯ. ಅವಳು ಕೇಳಿದಳು:

"ಓದೊರ್ಸದ ದನಿ ನಂದಲ್ಲ ಅಂತ ನಿಮ್ಗೆ ಗೊತ್ತಿತ್ತಾ?"

"ನಿನ್ ದನಿ ನಂಗೆ ಗೊತ್ತಿಲ್ವೇನೆ," ಎಂದ ಮರಿಸಿದ್ದಯ್ಯ. ಕೊಡಲಿ ಇನ್ನೂ ಮೇಲೆಯೇ ಇತ್ತು. "ಅವತ್ತಿಂದ ಗದ್ದೇಲಿ ನೇಗಿಲು ಇಡ್ದ್ರೂ ಅದೇಯ, ಮನೀಕಂಡ್ರೂ ಅದೇಯ. ನಾನಿವತ್ತು ಅಣ್ಣು ಕೇಳಾಕ್ ಬಂದಿಲ್ಲ ಕಣಮ್ಮಿ. ಆ ದನಿ ಕೇಳಾಕ್ ಬಂದೆ."

"ನಾನೂ ಅದುಕ್ಕೇಯ," ಎಂದಳು ನಂಜಮ್ಮ. ಇಷ್ಟು ವರ್ಷ ಸೆರಗಿನಡಿ ಮುಚ್ಚಿದ್ದ ಕೈಯನ್ನು ಮುಂದಕ್ಕೆ ಚಾಚಿದಳು. "ಗಿಡ ಸುಳ್ಳಾಡ್ಲಿಲ್ಲ. ಊವ ಕಿತ್ತಾಕುದ್ದು ನಾನು. ಮೊದಲ್ನೇ ವರ್ಸದಿಂದ್ಲೂ ನಾನೇಯ."

"ಗೊತ್ತು," ಎಂದ ಅವನು.

"ಗೊತ್ತಾ?"

"ಓದೊರ್ಸ ಮದ್ಯಾನ ಎತ್ತಿಗ್ ಉಲ್ಲು ತಕ್ಕೊಂಡೋಗಾಕ್ ಬಂದಾಗ ಕಂಡೆ. ಬ್ಯಾಡ ಕಣೆ ಅನ್ನಾಕೆ ಬಾಯಿಗ್ ಬಂತು. ಅನ್ನಲಿಲ್ಲ." "ಅಣ್ಣು ಬುಟ್ರೆ ಕೊಡ್ಲಿ ಎತ್ತಾಂಗಿಲ್ವಲ್ಲ."

ಇಬ್ಬರೂ ಬೇರೆ ಬೇರೆಯಾಗಿ, ಒಂದೇ ಮನೆಯಲ್ಲಿ, ಒಂದೇ ಕಳ್ಳತನ ಮಾಡಿದ್ದರು. ಅವಳು ಕಿತ್ತಳು, ಅವನು ನೋಡಿಯೂ ಸುಮ್ಮನಿದ್ದ. ಒಬ್ಬರಿಗೊಬ್ಬರು ಒಂದು ಮಾತು ಹೇಳಿಕೊಂಡಿದ್ದರೆ ಆಗುತ್ತಿತ್ತು. ಗಂಡ ಹೆಂಡತಿ ಊರಿಗೆಲ್ಲ ಹೇಳುತ್ತಾರೆ, ಒಬ್ಬರಿಗೊಬ್ಬರು ಹೇಳಿಕೊಳ್ಳಬೇಕಾದದ್ದನ್ನು ಮಾತ್ರ ಗಿಡಕ್ಕೆ ಹೇಳುತ್ತಾರೆ.

ಚಿಕ್ಕಬೋರಮ್ಮ ಇದನ್ನೆಲ್ಲ ಕೇಳುತ್ತ ಕೇಳುತ್ತ ನೆಲಕ್ಕೆ ಕುಸಿದಿದ್ದಳು. ಮೊದಲು ಅವಳಿಗೆ ಅರ್ಥವೇ ಆಗಲಿಲ್ಲ. ಅರ್ಥವಾದ ಮೇಲೆ ತಟ್ಟೆಯ ಕುಂಕುಮ ಚೆಲ್ಲಿದ್ದೂ ತಿಳಿಯಲಿಲ್ಲ.

"ಆ ದನಿ... ಕೂಸಿಂದಾ?" ಎಂದಳು. ಇಬ್ಬರೂ ತಲೆ ತಗ್ಗಿಸಿದರು. "ನಾ ನಕ್ಕಂಡು ಒಳಕ್ಕೆ ಓದ್ನಲ್ಲೋ!" ಎಂದು ಎದೆ ಬಡಿದುಕೊಂಡಳು. ಆಮೇಲೆ ಅವಳಿಗೆ ಸಿಟ್ಟು ಬಂತು. ಅಂಥ ಸಿಟ್ಟನ್ನು ಅವಳ ಮಗನೂ ಕಂಡಿರಲಿಲ್ಲ.

"ನೀವೇನ್ ಎತ್ತೋರೋ, ದನ ಕಟ್ಟೋರೋ? ಕರೀನ ಗೂಟುಕ್ಕೆ ಕಟ್ಟಾಕ್ದಂಗೆ ಕಟ್ಟಾಕಿದ್ದೀರಲ್ಲ, ಆ ಮೊಗೀನ! ಅದೇನಂತು ನಿಮ್ಗೆ? ಕೊಡ್ತೀನಿ ಅಂತು. ಯಾಕಂತು? ಕೊಡ್ಲಿಗೆ ಎದುರ್ಕಂಡಾ? ಓಗ್ಬೇಕು ಅಂತಿತ್ತು ಕಣ್ರೋ ಅದುಕ್ಕೆ. ಓಯ್ತೀನಿ ಅಂತ ಅಪ್ಪನ್ನ ಕೇಳ್ತು. ಊವ ಬುಟ್ಟು ಬುಟ್ಟು ಕೇಳ್ತು. ಬಾಯಿ ಬಂದ್ ಮೊದಲ್ನೇ ಮಾತ್ನೇ ಸುಳ್ ಮಾಡಿದ್ರಲ್ಲೋ ಇಬ್ರೂವೆ!"

ಸೀಬೆಯ ಮರದಲ್ಲಿ ಗಿಳಿಯೊಂದು ಹಣ್ಣು ಕುಕ್ಕುತ್ತಿತ್ತು. ನಂಜಮ್ಮನಿಗೆ ಎಲ್ಲ ಮಧ್ಯಾಹ್ನಗಳೂ ಒಟ್ಟಿಗೆ ನೆನಪಾದವು. ಸೆರಗು ಹಿಡಿಯುತ್ತಿದ್ದದ್ದು ಇರು ಎನ್ನಲಿಕ್ಕಲ್ಲ, ಬಿಡಿಸು ಎನ್ನಲಿಕ್ಕೆ. ಬೆಚ್ಚಗಿದ್ದ ಮಣ್ಣಿಗೆ ಅವಳು ದಿನಾ ಅಂಗೈ ಒತ್ತಿ ಕೂತಿದ್ದಳು, ಏಳದ ಹಾಗೆ.

"ಉತ್ರ ಕೊಡಿ ಯಾರಾರ," ಎಂದಳು ಚಿಕ್ಕಬೋರಮ್ಮ, ಈಗ ಅಳುತ್ತ. "ಕೊಡ್ಲಿ ಇನ್ನೂ ಮ್ಯಾಲೇ ಅದೆ. ಅದಂತೂ ಇನ್ ಮಾತಾಡಾಕಿಲ್ಲ."

ನಂಜಮ್ಮ ಗಿಡದ ಮರೆಗೆ ಹೋಗಲಿಲ್ಲ. ಎದುರಿಗೇ ಮಂಡಿಯೂರಿದಳು. ಕಾಂಡಕ್ಕೆ ಹಣೆಯಿಟ್ಟಳು. ಉತ್ತರ ಹೇಳಬೇಕಾದದ್ದು ಕೊಡಲಿ ಹಿಡಿದವನಿಗೆ, ಅವಳು ಹೇಳಿದ್ದು ಮಾತ್ರ ಗಿಡಕ್ಕೆ.

"ಈ ಕಾಲುಕ್ಕೆ ಕೊಟ್ಬುಡ್ತೀನಿ ಕಣವ್ವ. ಮುಟ್ಟಾಕಿಲ್ಲ. ಓಗು."

ಮರಿಸಿದ್ದಯ್ಯ ಕೊಡಲಿ ಇಳಿಸಿದ.

ಮಳವಳ್ಳಿಯ ಸೀರೆ ಮತ್ತೆ ಪೆಟ್ಟಿಗೆ ಸೇರಿತು. ಚಿಕ್ಕಬೋರಮ್ಮ ಆ ವರ್ಷ ತಮ್ಮನ ಮಗಳ ಸುದ್ದಿ ಎತ್ತಲಿಲ್ಲ. ಸೊಸೆಯೊಡನೆ ಹೆಚ್ಚು ಮಾತೂ ಆಡಲಿಲ್ಲ. ನಂಜಮ್ಮ ಉಳಿದ ಗಿಡಗಳ ಕೆಲಸ ಎಂದಿನ ಹಾಗೇ ಮಾಡಿದಳು, ಕವಳೆ ಸವರಿದಳು, ಪರಂಗಿಯ ಬುಡಕ್ಕೆ ಗೋಡು ಹಾಕಿದಳು. ದಾಳಿಂಬೆಗೆ ನೀರು ಹಾಕಿ ಹಿಂದೆ ನೋಡದೆ ಬರುತ್ತಿದ್ದಳು. ಹೂವಿನ ಕಾಲದಲ್ಲಿ ಕೈ ತುರಿಸುತ್ತಿತ್ತು. ಅದು ಬರೀ ಮಾತಿಗಲ್ಲ, ನಿಜವಾಗಿಯೂ ತುರಿಸುತ್ತಿತ್ತು. ಕೆಲವು ಮಧ್ಯಾಹ್ನ ಗಂಡ ಗದ್ದೆಯಿಂದ ಸುಮ್ಮನೆ ಮನೆಗೆ ಬಂದು, ಅವಳ ಎರಡೂ ಕೈ ಹಿಡಿದುಕೊಂಡು ಜಗುಲಿಯಲ್ಲಿ ಕೂತಿರುತ್ತಿದ್ದ. ನೋಡಿದವರು ಈ ವಯಸ್ಸಿಗೆ ಇವರಿಗೇನು ಬಂತು ಎಂದು ನಕ್ಕರು.

ಆ ವರ್ಷ ಹೂವು ಬಹಳ ಕಡಿಮೆ. ಮುನಿಸಿಕೊಂಡ ಗಿಡದ ಹಾ‌ಗಿತ್ತು. ಅಷ್ಟರಲ್ಲಿ ಒಂದೇ ಒಂದು ಹೂವು ಕಾಯಿ ಕಚ್ಚಿತು. ಅಡಿಕೆಯಷ್ಟಾಯಿತು, ನಿಂಬೆಯಷ್ಟಾಯಿತು. ಹುಳು ಕೊರೆಯದಿರಲೆಂದು ನಂಜಮ್ಮ ಹಳೆಯ ಬಟ್ಟೆಯ ಚೀಲ ಹೊಲಿದು ಕಾಯಿಗೆ ಕಟ್ಟಿದಳು, ಬೇರೆಯವರ ಹಿತ್ತಲ ದಾಳಿಂಬೆಗೂ ಅವಳು ಮಾಡಿಕೊಡುತ್ತಿದ್ದ ಕೆಲಸವೇ ಅದು. ಕಟ್ಟುವಾಗ ಮುಳ್ಳು ತಾಗಲಿಲ್ಲ.

ಶ್ರಾವಣದ ಒಂದು ಮಧ್ಯಾಹ್ನ, ಮಳೆ ನಿಂತ ಹೊಳಪಿನಲ್ಲಿ, ಚೀಲ ಬಿಚ್ಚಿ ಹಣ್ಣು ಕೊಯ್ದಳು. ಗಿಡದ ಬುಡದಲ್ಲೇ ಕೂತಳು. ಮರಿಸಿದ್ದಯ್ಯ ಗೋಡೆಗೆ ಒರಗಿ ನಿಂತಿದ್ದ. ಅವನು ತಿನ್ನುವ ಹಾಗಿಲ್ಲ, ನೋಡಬಹುದು. ಚಿಕ್ಕಬೋರಮ್ಮ ಹಿತ್ತಲ ಬಾಗಿಲ ತನಕ ಬಂದು, ಅಲ್ಲಿಂದ ಮುಂದಕ್ಕೆ ಬರಲಾರದೆ ಹೊಸಿಲ ಮೇಲೆ ಕೂತಳು. ನಂಜಮ್ಮ ಹಣ್ಣನ್ನು ಎರಡು ಹೋಳು ಮಾಡಿದಳು. ಒಂದು ಕಾಳೂ ನೆಲಕ್ಕೆ ಬೀಳದ ಹಾಗೆ ಮಡಿಲಲ್ಲಿಟ್ಟುಕೊಂಡು ಬಿಡಿಸಿ ಬಿಡಿಸಿ ತಿಂದಳು. ಹುಳಿಯಿರುತ್ತದೆ ಎಂದುಕೊಂಡಿದ್ದಳು. ಕಹಿಯಿದ್ದರೂ ಇದ್ದೀತು, ತಾನು ಮಾಡಿದ್ದಕ್ಕೆ ಅಷ್ಟಾದರೂ ಆಗಬೇಕು ಎಂದುಕೊಂಡಿದ್ದಳು. ತಿನ್ನುತ್ತ ಹೋದ ಹಾಗೆ ಅವಳ ಮುಖ ಮುದುಡುತ್ತ ಬಂತು.

ಕೊನೆಯ ಕಾಳು ಮುಗಿಯಿತು. ಮೂವರೂ ಕಾದರು. ಎಲೆಗಳಿಂದ ಮಳೆಯ ಹನಿ ತೊಟ್ಟಿಕ್ಕುತ್ತಿತ್ತು. ಬಾಳೆಯ ಕಡೆಯಿಂದ ಬಚ್ಚಲ ನೀರಿನ ವಾಸನೆ ಬಂತು, ಅಂಜೂರದ ಮೇಲೆ ನೊಣ ಹಾರುತ್ತಿದ್ದವು. ಅದೊಂದು ಹಿತ್ತಲಾಗಿತ್ತು, ಎಲ್ಲರ ಮನೆಯ ಹಿಂದೆ ಇರುವಂಥ ಹಿತ್ತಲು.

ಮರಿಸಿದ್ದಯ್ಯ ಕೇಳಿದ, "ಎಂಗಿತ್ತೆ ಅಣ್ಣು?"

"ಸಿಹಿ," ಎಂದಳು ನಂಜಮ್ಮ. "ಜೇನಂಗಿತ್ತು ಕಣ್ರೀ. ಅಷ್ಟೊಂದು ಕುಸೀಲಿ ಓಗ್ಬುಡ್ತಲ್ಲ."